ನಡುಹೊಳೆಯಲ್ಲಿ ಜಾರಿಯಾದ ಆದೇಶ

ನಡುಗಡ್ಡೆಯ ಊರಿಗೆ ಇದ್ದುದು ಒಂದೇ ಡೀಸೆಲ್ ದೋಣಿ. ಬಸುರಿ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ, ಹೆಣ ಸುಡುಗಾಡಿಗೆ ಹೋಗುವುದೂ ಅದರಲ್ಲೇ. ನಡೆಸುವವನು ಅಂಬಿಗರ ಹುಲಿಗೆಪ್ಪ.

ಒಂದು ದಿನ ದೊಡ್ಡ ಸಾಹೇಬರು ಆ ದೋಣಿ ಹತ್ತಿ ಊರಿಗೆ ಹೊರಟರು. ನಡುಹೊಳೆಗೆ ಬಂದಾಗ ಮೂಗಿಗೆ ಕರವಸ್ತ್ರ ಹಿಡಿದು, "ಏನು ಹೊಗೆಯಯ್ಯಾ ಇದು! ಡೀಸೆಲ್ ದೋಣಿ ಇವತ್ತಿನಿಂದಲೇ ಬಂದ್. ಸೋಲಾರ್ ದೋಣಿ ಬರುತ್ತೆ," ಎಂದರು.

"ಚಲೋ ಆತ್ರಿ. ಈ ಹೊಗಿ ಕುಡದು ನನ್ನ ಎದಿನೂ ಕೆಟ್ಟೈತಿ. ಯಾವಾಗ ಬರ್ತೈತ್ರಿ?"

"ಮುಂದಿನ ವರ್ಷ ನೋಡೋಣ."

"ಅಲ್ಲೀತನಕ ಊರ ಮಂದಿ ಏನ್ ಮಾಡಬೇಕ್ರಿ?"

"ಸ್ವಲ್ಪ ಹೊಂದ್ಕೋಬೇಕಪ್ಪ. ಆದೇಶ ಅಂದ್ರೆ ಆದೇಶ."

ಹುಲಿಗೆಪ್ಪ ಕೈಮುಗಿದು ಇಂಜಿನ್ ಆರಿಸಿದ. ಹೊಗೆ ನಿಂತಿತು. ದೋಣಿ ಸೆಳವಿಗೆ ಸಿಕ್ಕಿ ತಿರುಗತೊಡಗಿತು. ಸಾಹೇಬರು ಕರವಸ್ತ್ರ ಬಿಟ್ಟು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದರು.

"ಏನು ಮಾಡ್ತಿದ್ದೀಯೋ?"

"ನಿಮ್ಮ ಆದೇಶ ನಡಸಾಕತ್ತೀನ್ರಿ. ಸ್ವಲ್ಪ ಹೊಂದ್ಕೋರಿ."

"ಮೊದಲು ನನ್ನ ದಡ ಮುಟ್ಟಿಸೋ! ಆಮೇಲೆ ಬೇಕಾದ್ರೆ ಬಂದ್ ಮಾಡು!"

ಹುಲಿಗೆಪ್ಪ ನಗಲಿಲ್ಲ. "ನಮ್ಮೂರಿನ ಮಾತೂ ಇಷ್ಟೇ ಐತ್ರಿ, ಸಾಹೇಬ್ರ," ಎಂದು ಇಂಜಿನ್ ಶುರು ಮಾಡಿದ.

ಹೊಗೆ ಮತ್ತೆ ಎದ್ದಿತು. ಈ ಸಲ ಸಾಹೇಬರು ಮೂಗು ಮುಚ್ಚಿಕೊಳ್ಳಲಿಲ್ಲ.