ಕರಾವಳಿಯಲ್ಲಿ ಸೋತ ಅಯಸ್ಕಾಂತ

"ಗುರುಗಳೇ, ನಾನು ಕಣ್ಣಾರೆ ಕಂಡದ್ದನ್ನು ಇನ್ನೊಬ್ಬರು ಸುಳ್ಳು ಎನ್ನುತ್ತಾರೆ. ಅವರ ತಪ್ಪನ್ನು ತೋರಿಸಿಕೊಡುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಬಿಸಿಲುನಾಡಿನಲ್ಲಿ ಒಬ್ಬಳು ರಸಾಯನ ವಿಜ್ಞಾನಿ ಇದ್ದಳು. ಒಂಬತ್ತು ವರ್ಷ ದುಡಿದು ಒಂದು ಪುಡಿ ತಯಾರಿಸಿದಳು. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಆದರೂ ಅಯಸ್ಕಾಂತ ಹಿಡಿದರೆ ಎದ್ದು ಬಂದು ಅಂಟಿಕೊಳ್ಳುತ್ತಿತ್ತು. ಅಷ್ಟು ಟೊಳ್ಳಾದ ವಸ್ತುವಿಗೆ ಅಂಥ ಸೆಳೆತ ಇರುವುದು ಅಪರೂಪ. ಅವಳು ಹನ್ನೊಂದು ಸಲ ಮಾಡಿ ನೋಡಿ, ಹನ್ನೊಂದನ್ನೂ ಬರೆದಿಟ್ಟು, ಆಮೇಲೆ ಪ್ರಕಟಿಸಿದಳು.

ಕರಾವಳಿಯ ಒಬ್ಬ ಹಿರಿಯ ವಿಜ್ಞಾನಿ ಅದನ್ನೇ ಮಾಡಿ ನೋಡಿದ. ಪುಡಿ ಮಿಸುಕಲಿಲ್ಲ. "ಇದು ನಿಜವಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆಯಿರಿ" ಎಂದು ಬರೆದ. ಹಿಂದಕ್ಕೆ ಪಡೆದರೆ ಒಂಬತ್ತು ವರ್ಷವೂ ಹೋಯಿತು, ಹೆಸರೂ ಹೋಯಿತು. ಅವಳು ಅಂಜಲಿಲ್ಲ. ಅವನು ಎಲ್ಲಿ ಎಡವಿದ್ದಾನೆಂದು ಹಿಡಿದು ತೋರಿಸಿಯೇ ಬರುತ್ತೇನೆಂದು ಕರಾವಳಿಗೆ ಹೊರಟಳು.

"ನನ್ನೆದುರಿಗೇ ಮಾಡಿ ಸರ್, ನಾನು ನೋಡುತ್ತೇನೆ" ಎಂದಳು.

ಅವನು ಮೂರು ದಿನ ಮಾಡಿದ. ತೂಗುವುದು, ಕಾಯಿಸುವುದು, ಸೋಸುವುದು, ಒಣಗಿಸುವುದು, ಒಂದರಲ್ಲೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಒಣಗಿದ ಪುಡಿಯನ್ನು ತಂದು ಮೇಜಿನ ಮೇಲಿಟ್ಟ. ಅಯಸ್ಕಾಂತ ಹಿಡಿದರೂ ಅದು ಮಿಸುಕಲಿಲ್ಲ.

ಊಟಕ್ಕೆ ಕುಳಿತರು. ಅವಳು ಹಪ್ಪಳ ಮುರಿಯಹೋದಳು, ಅದು ಬಾಗಿತು.

"ಇದು ನಿನ್ನೆಯದೇ ಸರ್?"

"ಈಗ ತಾನೇ ಕರಿದದ್ದು ಮೇಡಂ. ನಮ್ಮೂರ ಗಾಳಿಗೆ ಹಪ್ಪಳ ಎಲೆಗೆ ಬೀಳುವಷ್ಟರಲ್ಲಿ ಬಟ್ಟೆಯಾಗುತ್ತದೆ. ನಿಮ್ಮ ಪುಡಿಯ ಹಾಗೆ!" ಎಂದು ಅವನು ನಕ್ಕ.

ಅವಳು ನಗಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈತೊಳೆದಳು. ಅದೇ ಪುಡಿಯನ್ನು ಗಾಜಿನ ನಳಿಗೆಗೆ ಹಾಕಿ, ಬಿಸಿ ಮಾಡಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ನಳಿಗೆಯ ಬಾಯಿ ಮುಚ್ಚಿದಳು. ಅಯಸ್ಕಾಂತ ಹತ್ತಿರ ತಂದಾಗ ಪುಡಿ ನೆಗೆದು ಗಾಜಿಗೆ ಅಂಟಿತು. ಅಯಸ್ಕಾಂತವನ್ನು ಹಾಗೆಯೇ ಹಿಡಿದು, ನಳಿಗೆಯ ಬಾಯಿ ತೆರೆದಿಟ್ಟಳು. ರಂಧ್ರಗಳು ಗಾಳಿಯ ತೇವವನ್ನು ಕುಡಿದವು. ಸ್ವಲ್ಪ ಹೊತ್ತಿಗೆ ಪುಡಿ ಉದುರಿ ಕೆಳಗೆ ಬಿತ್ತು. ತನ್ನೂರಿನ ಒಣ ಗಾಳಿಯಲ್ಲಿ ಅವಳು ಇದನ್ನು ಒಮ್ಮೆಯೂ ಕಂಡಿರಲಿಲ್ಲ.

ತೇವವನ್ನು ಗುರುತಿಸುವ ಆ ಪುಡಿಯ ಮೇಲೆ ಅವಳು ಮುಂದೆ ಇಪ್ಪತ್ತು ವರ್ಷ ಕೆಲಸ ಮಾಡಿದಳು. ಅದರ ಈ ಗುಣದ ಬಗ್ಗೆ ಬಂದ ಮೊದಲ ಪ್ರಬಂಧದಲ್ಲಿ ಇಬ್ಬರ ಹೆಸರೂ ಇತ್ತು.

ಶಿಷ್ಯೆಯ ಮುಖ ಅರಳಿತು. "ಅಂದರೆ ಕೊನೆಗೂ ಗೆದ್ದದ್ದು ಅವಳೇ!" ಎಂದಳು.

ಗುರುಗಳು ಹೇಳಿದರು: "ಅವನಲ್ಲಿ ಒಂದು ತಪ್ಪು ಸಿಕ್ಕಿದ್ದರೆ, ಅವಳು ಅಷ್ಟನ್ನೇ ಹಿಡಿದುಕೊಂಡು ಊರಿಗೆ ಮರಳುತ್ತಿದ್ದಳು."