ಕೊಳದ ಅಂಚಿಗೆ ಮೊದಲು ಬಂದದ್ದು

"ಬುದ್ಧಿ, ಆ ಹನ್ನೆರಡು ಮಂದಿಯನ್ನೂ ನಾಳೆ ಅವರವರ ಊರಿಗೆ ಕಳಿಸಿಬಿಡಲೇ?" ಎಂದು ರೇವಯ್ಯ ಹಿರಿಯ ಸ್ವಾಮಿಗಳನ್ನು ಕೇಳಿದ.

ಮಠದ ಪಾಠಶಾಲೆಗೆ ಬಂದ ಹೊಸಬರಿಗೆ ಪಾಠ ಹೇಳುವ ಹೊಣೆಯನ್ನು ಅವರೇ ಅವನಿಗೆ ವಹಿಸಿ ಎರಡು ತಿಂಗಳಾಗಿತ್ತು. "ಏನಾದರೂ ಕೇಳಿ ಎಂದರೆ ತಲೆ ತಗ್ಗಿಸುತ್ತಾರೆ. ಒಬ್ಬನ ತಲೆ ತಗ್ಗಿದರೆ ಹನ್ನೆರಡೂ ತಗ್ಗುತ್ತವೆ. ಕಲಿಯುವ ಹಸಿವೇ ಇಲ್ಲದವರನ್ನು ಇಟ್ಟುಕೊಂಡು ನಾನೇನು ಮಾಡಲಿ?"

ಸ್ವಾಮಿಗಳು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೂರಲು ಹೇಳಿ ಕತೆ ಶುರು ಮಾಡಿದರು.

ಒಂದು ಮೃಗಾಲಯ. ಅಲ್ಲೊಂದು ಗಾಜಿನ ಮನೆ, ಅದರೊಳಗೆ ಹದಿನೇಳು ಪೆಂಗ್ವಿನ್‌ಗಳು. ಚಳಿಯ ಹಕ್ಕಿಯನ್ನು ಬಿಸಿಲ ನಾಡಿಗೆ ತಂದು, ಯಂತ್ರ ಹಚ್ಚಿ ತಂಪು ಮಾಡಿ ಸಾಕುವುದು ಮನುಷ್ಯನ ದೊಡ್ಡಸ್ತಿಕೆ, ಅದು ಹಾಗಿರಲಿ. ಅವನ್ನು ನೋಡಿಕೊಳ್ಳಲು ಒಬ್ಬ ಪಾಲಕನಿದ್ದ. ಬೂತಾಯಿ ಮೀನಿನ ಕಿವಿರಿನೊಳಗೆ ಮಾತ್ರೆ ಸಿಕ್ಕಿಸಿ ಒಂದೊಂದಕ್ಕೂ ಕೈಯಾರೆ ತಿನ್ನಿಸುತ್ತಿದ್ದ. ರೆಕ್ಕೆಗೆ ಹಳದಿ ಪಟ್ಟಿ ಕಟ್ಟಿದ್ದ ಹೆಣ್ಣು ಹಕ್ಕಿಯನ್ನಂತೂ ಮೊಟ್ಟೆಯೊಡೆದ ದಿನದಿಂದ ಸಾಕಿದ್ದ. ಬೆಳಿಗ್ಗೆ ಅವನು ಬಾಗಿಲು ತೆಗೆದರೆ ಕೊಳದ ಅಂಚಿಗೆ ಮೊದಲು ಓಡಿ ಬರುವುದು ಅದೇ. ಅದು ನೀರಿಗೆ ಹಾರಿದರೆ ಉಳಿದವೂ ದುಡುದುಡು ಹಾರುತ್ತಿದ್ದವು.

ಹೊಸದಾಗಿ ಬಂದ ವೈದ್ಯ, ವಾರಕ್ಕೊಂದು ಹಕ್ಕಿಯ ರಕ್ತ ಪರೀಕ್ಷಿಸಬೇಕು, ಯಾವುದಾದರೂ ಆದೀತು ಎಂದ. ಪಾಲಕ ಯೋಚಿಸಿದ. ಹಿಂಡಿನೊಳಗೆ ನುಗ್ಗಿ ಅಟ್ಟಾಡಿಸಿದರೆ ಎಲ್ಲಕ್ಕೂ ಗಾಬರಿ. ಅಂಚಿಗೆ ಮೊದಲು ಬಂದದ್ದನ್ನೇ ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದರಾಯಿತು. ಸುಲಭದ ದಾರಿ ಸಿಕ್ಕಿದಾಗ ಅದಕ್ಕೆ ಕರುಣೆ ಎಂದು ಹೆಸರಿಡುವುದು ನಮಗೆಲ್ಲ ರೂಢಿ. ವೈದ್ಯ ಕಾಲಿಗೆ ಸೂಜಿ ಚುಚ್ಚುತ್ತಿದ್ದ. ಪಾಲಕ ಒಂದು ಗಂಟೆಯಲ್ಲಿ ಹಕ್ಕಿಯನ್ನು ವಾಪಸು ತಂದು ಬಿಡುತ್ತಿದ್ದ.

ಎಂಟು ವಾರ ಹೀಗೆ ನಡೆಯಿತು, ಮೊದಲು ಹಳದಿ ಪಟ್ಟಿಯದು, ಆಮೇಲೆ ಮುಂದೆ ಬಂದ ಬೇರೆಬೇರೆಯವು. ಒಂದು ಸೋಮವಾರ ಯಾವ ಹಕ್ಕಿಯೂ ನೀರಿಗಿಳಿಯಲಿಲ್ಲ.

ಹದಿನೇಳೂ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಮುಂದಿದ್ದದ್ದು ತಿರುಗಿ ಗುಂಪಿನೊಳಗೆ ತೂರಿಕೊಳ್ಳುತ್ತಿತ್ತು. ಆಗ ಅದರ ಹಿಂದಿನದು ಮುಂದಾಗಿ, ಅದೂ ತೂರಿಕೊಳ್ಳುತ್ತಿತ್ತು. ಇಡೀ ಗುಂಪು ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ತಿರುಗುತ್ತಿತ್ತು. ಕೊಳಕ್ಕೆ ಎಸೆದ ಮೀನು ತೇಲುತ್ತಲೇ ಇತ್ತು. ಕೈಯಲ್ಲಿ ಹಿಡಿದು ಕರೆದರೂ ಒಂದೂ ಬರಲಿಲ್ಲ.

ವೈದ್ಯ ನೀರು ನೋಡಿದ, ಯಂತ್ರ ನೋಡಿದ, ಹಾವು ಇಲಿ ಏನಾದರೂ ಸೇರಿಕೊಂಡಿದೆಯೇ ಎಂದು ಮೂಲೆಮೂಲೆ ಹುಡುಕಿದ. ಏನೂ ಇರಲಿಲ್ಲ. ಪೆಂಗ್ವಿನ್ ನೀರಿಗಿಳಿಯದೆ ಉಪವಾಸವಿರುವ, ಗರಿ ಉದುರುವ ಕಾಲವೂ ಅದಲ್ಲ. ಐದನೆಯ ದಿನಕ್ಕೆ ಹಳದಿ ಪಟ್ಟಿಯದರ ಎದೆಮೂಳೆ ಎದ್ದು ಕಂಡಿತು. "ನಾಳೆ ಹಿಡಿದು, ಗಂಟಲಿಗೆ ಕೊಳವೆ ಹಾಕಿ ತಿನ್ನಿಸೋಣ. ಈ ಸ್ಥಿತಿಯಲ್ಲಿ ಹಿಡಿದಾಗಲೇ ಹೆದರಿ ಸತ್ತರೆ ನನ್ನನ್ನು ಕೇಳಬೇಡ" ಎಂದ ವೈದ್ಯ.

ಹೇಗಾದರೂ ಇವತ್ತೇ ನೀರಿಗಿಳಿಸಬೇಕೆಂದು ಪಾಲಕ ಒಳಗೆ ನುಗ್ಗಿ, ಕೂಗಿ, ಕೈ ಬೀಸಿ ಅಟ್ಟಿದ. ಹಕ್ಕಿಗಳು ಒಂದನ್ನೊಂದು ತುಳಿದವು. ಹಳದಿ ಪಟ್ಟಿಯದು ಕೆಳಗೆ ಬಿತ್ತು. ಎದ್ದು, ಅವನತ್ತ ಒಮ್ಮೆ ನೋಡಿ, ಗುಂಪಿನೊಳಗೆ ತೂರಿಕೊಂಡಿತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನೆಲ ತೊಳೆಯುವ ಮುದುಕಿ ಬಾಗಿಲಲ್ಲಿ ನಿಂತಿದ್ದಳು.

"ನಾನು ಪೊರಕೆ ಹಿಡ್ಕಂಡು ಹೋದ್ರೆ ಒಂದೂ ಅಲ್ಲಾಡಕಿಲ್ಲ. ನೀನು ಕಾಲಿಟ್ರೆ ಸಾಕು, ಹಿಂದಕ್ಕೆ ನುಗ್ತವೆ ಕಣಪ್ಪ" ಎಂದಳು.

"ಏನಜ್ಜಿ ಹಂಗಂತೀಯ? ಕೂಸಿನಂಗೆ ಸಾಕಿದೀನಿ ಅವನ್ನ."

"ಇರಬೈದು. ಆದ್ರೆ ಅವು ನಿನ್ ಮೊಕ ನೋಡ್ತಿಲ್ಲ. ಹೆಗಲು ನೋಡ್ತವೆ."

ಪಾಲಕನ ಕೈ ಹೆಗಲಿಗೆ ಹೋಯಿತು. ಅಲ್ಲಿ ಟವೆಲ್ ಇತ್ತು.

ಅವನು ಅದನ್ನು ಕೈಗೆ ತೆಗೆದುಕೊಂಡ. ಎಂಟು ವಾರ ಅಂಚಿಗೆ ಮೊದಲು ಬಂದದ್ದಕ್ಕೆಲ್ಲ ಸಿಕ್ಕಿದ್ದು ಈ ಟವೆಲು, ಆ ಸೂಜಿ. ಧೈರ್ಯ ಮಾಡಿದ್ದನ್ನೇ ಆರಿಸಿ ಆರಿಸಿ ಹಿಡಿದವನು ತಾನೇ.

ಮರುದಿನ ಬೆಳಿಗ್ಗೆ ಟವೆಲನ್ನು ಹೊರಗೇ ಬಿಟ್ಟು ಒಳಗೆ ಹೋದ. ಕೊಳದ ಅಂಚಿನಲ್ಲಿ ಕೂತು, ಕೊರೆಯುವ ನೀರಿಗೆ ಕಾಲು ಇಳಿಬಿಟ್ಟು, ಪಕ್ಕದಲ್ಲಿ ಒಂದು ಮೀನು ಇಟ್ಟುಕೊಂಡ. ಕರೆಯಲಿಲ್ಲ. ಗಾಜಿನಾಚೆ ವೈದ್ಯ ಕೊಳವೆ ಹಿಡಿದು ಕಾಯುತ್ತಿದ್ದ. ಒಂದು ಗಂಟೆಯಾಯಿತು, ಎರಡಾಯಿತು. ಪಾಲಕನ ಕಾಲು ಮರಗಟ್ಟಿತು.

ಗುಂಪು ತಿರುಗುತ್ತಾ ತಿರುಗುತ್ತಾ ಹಳದಿ ಪಟ್ಟಿಯದು ಮುಂದಕ್ಕೆ ಬಂತು. ಅದು ಹಿಂದಕ್ಕೆ ತೂರಿಕೊಳ್ಳಲಿಲ್ಲ. ಒಂದು ಹೆಜ್ಜೆ ಇಟ್ಟು ನಿಂತಿತು. ಇನ್ನೊಂದು ಇಟ್ಟಿತು. ಕೊನೆಗೆ ಅವನಿಗೆ ಒಂದು ಮೊಳ ದೂರದಲ್ಲಿ, ಕೊಳದ ಅಂಚಿನಲ್ಲಿ, ನಡುಗುತ್ತಾ ನಿಂತಿತು. ಉಳಿದ ಹದಿನಾರೂ ಅಲ್ಲಾಡದೆ ನೋಡುತ್ತಿದ್ದವು. ಹಿಡಿ, ಈಗಲೇ ಹಿಡಿ ಎಂದು ವೈದ್ಯ ಗಾಜು ತಟ್ಟಿದ. ಹಿಡಿದರೆ ಇವತ್ತು ಇದರ ಹೊಟ್ಟೆಗೆ ಒಂದಿಷ್ಟು ಬೀಳಬಹುದು. ಬಿಟ್ಟರೆ ಇದು ಉಳಿಯುತ್ತದೋ ಇಲ್ಲವೋ. ಪಾಲಕ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದುಮಿಕೊಂಡು ಕೂತ.

ಹಕ್ಕಿ ಅವನ ಹೆಗಲು ನೋಡಿತು. ಮೀನು ನುಂಗಿತು. ನೀರಿಗೆ ಹಾರಿತು.

ಅದು ಮೂರು ಸುತ್ತು ಈಜುವವರೆಗೂ ಉಳಿದವು ಕಾದವು. ಯಾರೂ ಅದನ್ನು ಎತ್ತಿಕೊಂಡು ಹೋಗಲಿಲ್ಲ. ಆಮೇಲೆ ಹದಿನಾರೂ ಒಂದರ ಹಿಂದೊಂದು ಹಾರಿದವು.

ಇಷ್ಟು ಹೇಳಿ ಸ್ವಾಮಿಗಳು ಕತೆ ಮುಗಿಸಿದರು.

ರೇವಯ್ಯ ತಲೆದೂಗಿದ. "ಎಂಥ ದಡ್ಡ ಆ ಪಾಲಕ! ಸಾಕಿದವನಿಗೆ ಇಷ್ಟು ಹೊಳೆಯಬಾರದೇ, ಬುದ್ಧಿ?"

"ನಾನು ನಿನಗೆ ಒಪ್ಪಿಸಿದ್ದು ಹದಿಮೂರು ಮಂದಿಯನ್ನು. ಮೊದಲ ದಿನ ನಿನ್ನನ್ನು ಪ್ರಶ್ನೆ ಕೇಳಿದವನು ಇನ್ನೂ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾನೆಯೇ, ರೇವಯ್ಯ?"

ರೇವಯ್ಯ ತಲೆ ತಗ್ಗಿಸಿದ.