ಮೊಲ ತನ್ನ ತುಪ್ಪಳವನ್ನೇ ಹಾಸುವುದೇಕೆ?

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ತಾವು ಎಲ್ಲಿ ಕೂರಬೇಕು ಎಂದು ಬೆಟ್ಟಗಳಿಗೆ ಗೊತ್ತಾಗಿತ್ತು. ಯಾವ ಕಡೆ ಹರಿಯಬೇಕು ಎಂದು ಹಳ್ಳಗಳಿಗೆ ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ. ಹತ್ತಿಗಿಡ ಕಾಯಿ ಬಿರಿಯುವುದನ್ನು ಕಲಿತಿರಲಿಲ್ಲ. ಬೆಂಕಿ ಯಾರ ಮನೆಗೂ ಬಂದಿರಲಿಲ್ಲ, ದೂರದ ಗುಡ್ಡದ ನೆತ್ತಿಯ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ಬಿಸಿಲಿತ್ತು, ಮಳೆಯಿತ್ತು. ಚಳಿ ಮಾತ್ರ ಹುಟ್ಟಿರಲಿಲ್ಲ.

ಆಗ ಎಲ್ಲರಿಗೂ ಎಲ್ಲರ ಮಾತು ತಿಳಿಯುತ್ತಿತ್ತು.

ದೊಡ್ಡ ಹುಲ್ಲುಬಯಲಿನಲ್ಲಿ ಒಂದು ಹೆಣ್ಣು ಮೊಲ ಇತ್ತು. ಎಲ್ಲರೂ ಅವಳನ್ನು ಮೊಲವ್ವ ಎಂದು ಕರೆಯುತ್ತಿದ್ದರು. ಬೇರೆ ದಿನಗಳಲ್ಲಿ ಮೊಲವ್ವನಿಗೆ ಯಾವ ಹೆದರಿಕೆಯೂ ಇರಲಿಲ್ಲ. ಮೇಲಿಂದ ಹದ್ದು ಬಂದರೆ ಓಡುತ್ತಿದ್ದಳು, ಕೆಳಗಿಂದ ನರಿ ಬಂದರೂ ಓಡುತ್ತಿದ್ದಳು. ಆದರೆ ಈಗ ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಹೊಟ್ಟೆ ಭಾರವಾಗಿತ್ತು, ಓಟ ನಿಧಾನವಾಗಿತ್ತು.

ಒಂದು ಬೆಳಗ್ಗೆ ಗಾಳಿ ಹುಲ್ಲಿನ ತಲೆ ಸವರಿಕೊಂಡು ಆ ದಾರಿಯಲ್ಲಿ ಬಂದ.

“ಗಾಳಣ್ಣಾ, ನೀನು ಎಲ್ಲ ಕಡೆ ತಿರುಗುವವನು,” ಎಂದಳು ಮೊಲವ್ವ. “ನನಗೆ ಒಂದು ಮನೆ ಬೇಕಲ್ಲ. ಎಲ್ಲಾದರೂ ಸಿಗುತ್ತದಾ?”

ಗಾಳಿ ಯೋಚಿಸಿದ. “ಹಳ್ಳದ ತಿರುವಿನಲ್ಲಿ ಒಂದು ಗುಡಿಸಲಿದೆ. ಗಂಡ ಬೀರಪ್ಪ, ಹೆಂಡತಿ ಕೆಂಚವ್ವ. ಹಸು, ನಾಯಿ, ಕೋಳಿ ಎಲ್ಲ ಅವರ ಹತ್ತಿರವೇ ಇವೆ. ಯಾರನ್ನೂ ಅವರು ಹೋಗು ಅಂದದ್ದಿಲ್ಲ. ನೀನು ನಿಧಾನಕ್ಕೆ ಬಾ. ನಾನು ಮುಂದೆ ಹೋಗಿ ಹೇಳಿರುತ್ತೇನೆ.”

ಹೇಳಿದಂತೆ ಗಾಳಿ ಗುಡಿಸಲಿನ ಬಾಗಿಲಿಗೆ ಹೋದ. ಕೆಂಚವ್ವ ಅಂಗಳದಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಹೆಸರಿಗೆ ತಕ್ಕ ಹಾಗೆ ಅವಳದು ಕೆಂಚು ಕೂದಲು, ಕೂತರೆ ನೆಲ ಮುಟ್ಟುವಷ್ಟು ಉದ್ದ.

“ಕೆಂಚವ್ವಾ, ನಿಮ್ಮ ಮನೆಗೆ ಹೊಸಬಳೊಬ್ಬಳು ಬರುತ್ತಿದ್ದಾಳೆ,” ಎಂದ ಗಾಳಿ. “ಹೆಸರು ಮೊಲವ್ವ. ಕಿವಿ ಉದ್ದ, ಬಾಲ ಗಿಡ್ಡ.”

“ಬರಲಿ ಬರಲಿ. ಅವಳಿಗೆ ಏನೇನು ಬೇಕಪ್ಪಾ?” ಎಂದು ಕೆಂಚವ್ವ ಕೇಳುವಷ್ಟರಲ್ಲಿ ಗಾಳಿ ಹಳ್ಳ ದಾಟಿ ಹೋಗಿಯಾಗಿತ್ತು. ಒಂದು ಕಡೆ ನಿಂತು ಮಾತು ಮುಗಿಸುವ ಅಭ್ಯಾಸ ಅವನಿಗೆ ಅವತ್ತೂ ಇರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಮೊಲವನ್ನು ಕಂಡವರಲ್ಲ.

“ಕಿವಿ ಉದ್ದ ಅಂದರೆ ಕತ್ತೆಯ ಕಡೆಯವಳೇ ಇರಬೇಕು ಕಣೆ,” ಎಂದ ಬೀರಪ್ಪ. ದಪ್ಪದೊಂದು ಗೂಟ ನೆಟ್ಟ. ನಾರು ಹೊಸೆದು ಗಟ್ಟಿ ಹಗ್ಗ ಮಾಡಿದ. ಎಳೆದು ನೋಡಿ, ಇನ್ನೂ ಒಂದು ಎಳೆ ಸೇರಿಸಿದ.

“ಅಲ್ಲಯ್ಯಾ, ಬರುವವಳು ನೆಂಟರ ಹಾಗೆ. ಬಂದ ಕೂಡಲೇ ಕಟ್ಟಿಹಾಕುತ್ತಾರಾ?” ಎಂದಳು ಕೆಂಚವ್ವ. ಹಾಗೆಂದು ಅವಳಿಗಾದರೂ ಏನು ಗೊತ್ತಿತ್ತು? ಮನೆಯಲ್ಲಿದ್ದವರನ್ನೆಲ್ಲ ಕೇಳಿಕೊಂಡು ಹೊರಟಳು.

“ಒಂದು ಉಪ್ಪಿನ ಕಲ್ಲಿಟ್ಟರೆ ಸಾಕು,” ಎಂದಿತು ಹಸು. “ನೆಕ್ಕುತ್ತಾ ಇದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.”

“ಮೇಲೆ ಒಂದು ಅಡ್ಡಗೋಲು ಕಟ್ಟಿ,” ಎಂದಿತು ಕೋಳಿ. “ಎತ್ತರ ಇಲ್ಲದೆ ಯಾರಿಗಾದರೂ ನಿದ್ದೆ ಬರುತ್ತದಾ?”

ನಾಯಿ ಹಿತ್ತಿಲ ಕಡೆ ಎರಡು ಸಲ ತಿರುಗಿ ನೋಡಿತು. ಆಮೇಲೆ ಹಿತ್ತಿಲಿಗೆ ಹೋಗಿ, ಹೂತಿಟ್ಟಿದ್ದ ಮೂಳೆಯೊಂದನ್ನು ಕಚ್ಚಿಕೊಂಡು ಬಂದು ಇಟ್ಟಿತು. ಇಟ್ಟ ಮೇಲೂ ಅದರ ಪಕ್ಕ ಬಿಟ್ಟು ಕದಲಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಗೂಟ, ಹಗ್ಗ, ಉಪ್ಪಿನ ಕಲ್ಲು, ಅಡ್ಡಗೋಲು, ಮೂಳೆ. ಕೆಂಚವ್ವ ತನ್ನ ಲೆಕ್ಕದಲ್ಲಿ ಒಂದು ಗಡಿಗೆ ಹಾಲನ್ನೂ ಇಟ್ಟಳು. ಬೀರಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ದಾರಿ ನೋಡುತ್ತಾ ನಿಂತ.

“ಎಲ್ಲಿ, ಯಾರೂ ಕಾಣುತ್ತಿಲ್ಲವಲ್ಲ,” ಎಂದ.

“ಇಲ್ಲಿದ್ದೇನೆ, ಅಣ್ಣಾ,” ಎಂದು ಕಾಲ ಬುಡದಲ್ಲಿ ಸಣ್ಣ ದನಿ ಕೇಳಿಸಿತು.

ಬೀರಪ್ಪ ಬಗ್ಗಿ ನೋಡಿದ. ಗೂಟವನ್ನೂ ನೋಡಿದ. ಹಗ್ಗವನ್ನು ಸುರುಳಿ ಸುತ್ತಿ ಬೆನ್ನ ಹಿಂದೆ ಹಿಡಿದುಕೊಂಡ. ಕೆಂಚವ್ವ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

ಮೊಲವ್ವನಿಗೆ ಸಂಕೋಚ ಹೆಚ್ಚು. ಇಷ್ಟೆಲ್ಲ ಮಾಡಿಟ್ಟವರ ಮುಂದೆ ಇದು ಬೇಡ, ಅದು ಬೇಡ ಎನ್ನುವುದು ಹೇಗೆ? ಉಪ್ಪಿನ ಕಲ್ಲು ನೆಕ್ಕಿ, “ಚೆನ್ನಾಗಿದೆ,” ಎಂದಳು. ಹಾಲನ್ನು ಮೂಸಿ, “ಚೆನ್ನಾಗಿದೆ,” ಎಂದಳು. ಅಡ್ಡಗೋಲಿಗೆ ಹತ್ತಿಸಿದರೆ ಧೊಪ್ಪನೆ ಬಿದ್ದು, “ಅದೂ ಚೆನ್ನಾಗಿದೆ,” ಎಂದಳು. ಮೂಳೆಯ ಹತ್ತಿರ ಮಾತ್ರ ಹೋಗಲಿಲ್ಲ. ನಾಯಿಗೆ ಅದೇ ಬೇಕಾಗಿತ್ತು.

ಆದರೆ ಮರುದಿನ ಹೊತ್ತೇರುವಾಗ ಮೊಲವ್ವನ ಕಿವಿಗಳು ಜೋತುಬಿದ್ದಿದ್ದವು. ಹೊಟ್ಟೆಗೆ ಏನೂ ಇರಲಿಲ್ಲ. ಗೋಡೆಗೆ ಮೈ ಒತ್ತಿಕೊಂಡು ಮುದುರಿ ಕೂತಿದ್ದಳು.

ಕೆಂಚವ್ವ ಮುಟ್ಟದೆ ಉಳಿದಿದ್ದ ಹಾಲನ್ನೂ ಅವಳನ್ನೂ ನೋಡಿದಳು.

“ಅಯ್ಯಾ, ನಾವು ಎಂಥ ಕೆಲಸ ಮಾಡಿದೆವು,” ಎಂದಳು ಗಂಡನಿಗೆ. “ಹಸುವನ್ನು ಕೇಳಿದೆವು, ಕೋಳಿಯನ್ನು ಕೇಳಿದೆವು. ಇವಳನ್ನೇ ಕೇಳಲಿಲ್ಲ.”

ಅವಳು ಮೊಲವ್ವನ ಎದುರು ನೆಲದ ಮೇಲೆ ಕೂತಳು. “ತಂಗೀ, ನಾಚಿಕೊಂಡರೆ ಬದುಕುವುದಕ್ಕಾಗುವುದಿಲ್ಲ. ನಿನಗೆ ಏನು ಬೇಕು, ಬಾಯಿಬಿಟ್ಟು ಹೇಳು.”

ಮೊಲವ್ವ ಮೆಲ್ಲಗೆ ಬಾಯಿ ಬಿಟ್ಟಳು. “ಅಕ್ಕಾ, ನನಗೆ ಒಣಹುಲ್ಲು ಬೇಕು. ಹೊತ್ತು ಹೊತ್ತಿಗೂ ಬೇಕು. ಸ್ವಲ್ಪ ಗರಿಕೆ, ಒಂದಿಷ್ಟು ಸೊಪ್ಪು. ಕುಡಿಯುವುದಕ್ಕೆ ನೀರು. ಕಡಿಯುವುದಕ್ಕೆ ಕಟ್ಟಿಗೆ ತುಂಡು, ಇಲ್ಲದಿದ್ದರೆ ನನ್ನ ಹಲ್ಲು ಬೆಳೆಯುತ್ತಲೇ ಹೋಗುತ್ತದೆ.”

“ಮತ್ತೆ?”

“ಒಳಗೆ ಕತ್ತಲಿರುವ ಸಣ್ಣ ಗೂಡು. ಒಂದು ಕಡೆಯಿಂದ ಹೆದರಿಕೆ ಬಂದರೆ ಇನ್ನೊಂದು ಕಡೆಯಿಂದ ಹೊರಗೆ ಹೋಗುವುದಕ್ಕೆ ಎರಡು ಬಾಗಿಲು. ಮತ್ತೆ... ಒಂದು ಮೂಲೆ.”

“ಮೂಲೆ ಯಾಕೆ?”

ಮೊಲವ್ವ ಅವಳ ಕಿವಿಯಲ್ಲಿ ಹೇಳಿದಳು. ಕೆಂಚವ್ವ ತಲೆಯಾಡಿಸಿದಳು. “ಸರಿ, ಸರಿ. ತಿಂದ ಮೇಲೆ ಅದೂ ಬೇಕಾದದ್ದೇ.”

“ಇನ್ನೊಂದು ಮಾತಿದೆ ಅಕ್ಕಾ. ಎತ್ತುವಾಗ ಕಿವಿ ಹಿಡಿದು ಎತ್ತಬೇಡಿ. ನೋಯುತ್ತದೆ. ಕೆಳಗೆ ಕೈ ಕೊಟ್ಟು ಎತ್ತಿ. ಈಗಂತೂ ಒಳಗೆ ಮರಿಗಳಿವೆ.”

“ಇದನ್ನು ಮೊದಲೇ ಹೇಳಬಾರದಾಗಿತ್ತಾ, ಹುಚ್ಚಿ,” ಎಂದು ಕೆಂಚವ್ವ ಎದ್ದೇಬಿಟ್ಟಳು.

ಆಮೇಲೆ ಆ ಮನೆಯಲ್ಲಿ ಯಾರೂ ಕೂರಲಿಲ್ಲ. ಬೀರಪ್ಪ ಗೂಟ ಕಿತ್ತ. ತಂಗಡಿ ಗಿಡದ ಕಡ್ಡಿ ಮುರಿದು ತಂದು, ಹೆಣೆದು, ಮೇಲೆ ಮಣ್ಣು ಮೆತ್ತಿ ಗೂಡು ಕಟ್ಟಿದ. ಎರಡು ಬಾಗಿಲಿಟ್ಟ. ಅವನ ಹಗ್ಗವೂ ಹಾಳಾಗಲಿಲ್ಲ, ಗೂಡಿನ ಕಡ್ಡಿಗಳನ್ನು ಬಿಗಿಯುವುದಕ್ಕೆ ಬಂತು. ಕೆಂಚವ್ವ ಹುಲ್ಲು ಕೊಯ್ದು, ಬಿಸಿಲಿಗೆ ಹರವಿ, ಮುಳ್ಳು ಆರಿಸಿ ತೆಗೆದು ಒಳಗೆ ಹಾಸಿದಳು. ತೊಟ್ಟಿಯಲ್ಲಿ ನೀರಿಟ್ಟಳು. ಬೇವಿನ ಕಡ್ಡಿಗಳನ್ನು ಒಂದು ಕಡೆ ಒಟ್ಟಿದಳು. ಮೂಲೆಯನ್ನೂ ಬಿಟ್ಟಳು.

ಮೊಲವ್ವ ಒಂದು ಬಾಗಿಲಿಂದ ಒಳಗೆ ಹೋದಳು, ಇನ್ನೊಂದರಿಂದ ಹೊರಗೆ ಬಂದಳು. ಮತ್ತೆ ಒಳಗೆ, ಮತ್ತೆ ಹೊರಗೆ. ಕೊನೆಗೆ ಹುಲ್ಲಿನ ಮೇಲೆ ಕೂತು ಕುರುಕುರು ಸದ್ದು ಮಾಡುತ್ತಾ ತಿನ್ನತೊಡಗಿದಳು. ಈ ಸಲ ಚೆನ್ನಾಗಿದೆ ಎಂದು ಅವಳು ಹೇಳಲೇ ಇಲ್ಲ. ಹೇಳುವುದಕ್ಕೆ ಬಾಯಿ ಬಿಡುವಾಗಿರಲಿಲ್ಲ.

ಕೆಲವು ದಿನ ಕಳೆದವು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಮೊಲವ್ವ ಮರಿ ಹಾಕಿದಳು. ಮೈಮೇಲೆ ಒಂದು ಕೂದಲೂ ಇಲ್ಲದ ಮರಿಗಳು, ಸಿಪ್ಪೆ ತೆಗೆದ ಗೆಣಸಿನ ತುಂಡುಗಳ ಹಾಗೆ. ಕಣ್ಣೂ ತೆರೆದಿರಲಿಲ್ಲ. ಅದರಲ್ಲಿ ಚಿಂತೆ ಮಾಡುವಂಥದ್ದು ಏನೂ ಇರಲಿಲ್ಲ. ಲೋಕವೆಲ್ಲ ಬೆಚ್ಚಗಿರುವಾಗ ಬತ್ತಲೆ ಹುಟ್ಟಿದರೇನು?

ಆದರೆ ಅದೇ ಬೆಳಗ್ಗೆ, ಬೆಟ್ಟಗಳ ಆಚೆ, ಚಳಿ ಹುಟ್ಟಿತು.

ಹುಟ್ಟಿದ ಕೂಡಲೇ ಅದಕ್ಕೆ ಲೋಕ ನೋಡುವ ಆಸೆಯಾಯಿತು. ಹಾದಿಯಲ್ಲಿ ಸಿಕ್ಕ ಗಾಳಿಯ ಬೆನ್ನೇರಿತು. ಗಾಳಿ ಯಾರೋ ಮಗು ಎಂದುಕೊಂಡು ಹೊತ್ತು ತಂದ. ಬೆಟ್ಟ ಇಳಿದು, ಬಯಲು ದಾಟಿ, ಎಂದಿನಂತೆ ಹಳ್ಳದ ತಿರುವಿಗೆ ಬಂದ.

“ಇದೇನೇ ಇದು,” ಎಂದ ಬೀರಪ್ಪ. “ನನ್ನ ಹಲ್ಲುಗಳು ತಾವಾಗಿಯೇ ಮಾತಾಡುತ್ತಿವೆ.”

ಕೆಂಚವ್ವನ ಮೈಮೇಲೆ ಮುಳ್ಳೆದ್ದಿತು. ಅದಕ್ಕೆ ಏನನ್ನಬೇಕೆಂದು ಅವಳಿಗೆ ತಿಳಿಯಲಿಲ್ಲ. ನಡುಕ ಎಂಬ ಮಾತು ಆಗ ಇನ್ನೂ ಇರಲಿಲ್ಲ. ಅಷ್ಟರಲ್ಲಿ ಗೂಡಿನಿಂದ ಮೊಲವ್ವ ಕೂಗಿದಳು.

“ಅಕ್ಕಾ, ಮರಿಗಳು ತಣ್ಣಗಾಗುತ್ತಿವೆ.”

ಹಸು ಓಡಿಬಂದು ಉಸಿರು ಬಿಟ್ಟಿತು. ಅದರ ಉಸಿರಿಗೆ ಹುಲ್ಲೆಲ್ಲ ಹಾರಿ, ಮರಿಗಳು ಬರಿಯ ನೆಲಕ್ಕೆ ಬಂದವು. ಕೋಳಿ ಅವುಗಳ ಮೇಲೆ ಕಾವು ಕೂರಲು ನೋಡಿತು. ಮರಿಗಳು ಹಾಲು ಹುಡುಕಿ ಹೊಟ್ಟೆಗೆ ಬಾಯಿ ಹಾಕಿದ್ದೇ ತಡ, ಹಾರಿ ಹೊರಗೆ ಬಿತ್ತು. “ಮೊಟ್ಟೆಗಳು ಹೀಗೆಲ್ಲ ಮಾಡುವುದಿಲ್ಲಪ್ಪ,” ಎಂದಿತು. ನಾಯಿ ಒಂದು ಬಾಗಿಲಿಗೆ ಅಡ್ಡ ಮಲಗಿತು. ಚಳಿ ಇನ್ನೊಂದು ಬಾಗಿಲಿಂದ ಬಂತು.

ಮರಿಗಳ ಅಲುಗಾಟ ಕಡಿಮೆಯಾಗುತ್ತಾ ಬಂತು. ಎಲ್ಲಕ್ಕಿಂತ ಸಣ್ಣದು ಅಲುಗಾಡುವುದನ್ನೇ ನಿಲ್ಲಿಸಿತು.

ಕೆಂಚವ್ವ ಸುತ್ತ ನೋಡಿದಳು. ಹೊದಿಸುವುದಕ್ಕೆ ಮನೆಯಲ್ಲಿ ಏನಿತ್ತು? ಎಲೆ ಇತ್ತು, ತೊಗಟೆ ಇತ್ತು, ನಾರಿತ್ತು. ಮೆತ್ತಗಿನದು ಒಂದೂ ಇರಲಿಲ್ಲ. ಅವಳ ಕೈ ತನ್ನ ಜಡೆಯ ಮೇಲೆ ನಿಂತಿತು.

“ಬೀರಪ್ಪಾ, ಆ ಚೂಪು ಕಲ್ಲು ಕೊಡು,” ಎಂದಳು. ಗಂಡನನ್ನು ಹೆಸರು ಹಿಡಿದು ಕರೆದದ್ದು ಅವಳಿಗೇ ಗೊತ್ತಾಗಲಿಲ್ಲ.

ಬುಡದಿಂದಲೇ ಕೊಯ್ದಳು. ಕೆಂಚು ಕೂದಲನ್ನೆಲ್ಲ ಬಿಡಿಸಿ, ಸುತ್ತಿ, ಬಟ್ಟಲಿನ ಹಾಗೆ ಮಾಡಿ, ಮರಿಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಇಟ್ಟಳು. ಕೆಳಗಿನ ನೆಲದ ತಣುಪು ತಪ್ಪಿತು. ಆದರೆ ಮೇಲೆ ಹೊದಿಸುವುದಕ್ಕೆ ಕೂದಲು ಉಳಿದಿರಲಿಲ್ಲ.

ಮೊಲವ್ವ ಕೆಂಚವ್ವನ ಬೋಳು ತಲೆಯನ್ನು ನೋಡಿದಳು. ಆಮೇಲೆ ತನ್ನ ಎದೆ ನೋಡಿಕೊಂಡಳು. ಎಷ್ಟು ದಟ್ಟ, ಎಷ್ಟು ಮೆತ್ತಗಿನ ತುಪ್ಪಳ. ಬಾಯಿಂದ ಹಿಡಿದು ಎಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಚರ್ಮ ಬಂತು, ನೋವು ಬಂತು, ತುಪ್ಪಳ ಬರಲಿಲ್ಲ. ಆ ಕಾಲದಲ್ಲಿ ಪ್ರಾಣಿಗಳ ಮೈಕೂದಲು ಗರಿಕೆಯ ಬೇರಿನ ಹಾಗೆ ಗಟ್ಟಿ.

ಗಾಳಿ ಬಾಗಿಲ ಹೊರಗೆ ನಿಂತಿದ್ದ. ಎಲ್ಲೂ ನಿಲ್ಲದವನು ಅವತ್ತು ನಿಂತಿದ್ದ.

“ಮೊಲವ್ವಾ, ನನ್ನದೇ ತಪ್ಪು,” ಎಂದ. “ಇದನ್ನು ಹೊತ್ತು ತಂದವನು ನಾನು. ಈಗ ಇಳಿ ಅಂದರೆ ಇಳಿಯುತ್ತಿಲ್ಲ.”

“ನಾನು ಈಗಷ್ಟೇ ಹುಟ್ಟಿದ್ದು,” ಎಂದು ಅವನ ಬೆನ್ನ ಮೇಲಿಂದ ಚಳಿ ಅಳುದನಿಯಲ್ಲಿ ಹೇಳಿತು. “ಎಲ್ಲಿಗೆ ಹೋಗಬೇಕು ಅಂತ ನನಗೆ ಯಾರೂ ಹೇಳಿಲ್ಲ.”

“ಅದು ಮಗು, ಇರಲಿ ಬಿಡು,” ಎಂದಳು ಮೊಲವ್ವ. “ಗಾಳಣ್ಣಾ, ನೀನು ಮರದಿಂದ ಎಲೆ ಬಿಡಿಸುವವನು, ತೆನೆಯಿಂದ ಬೀಜ ಬಿಡಿಸುವವನು. ನನ್ನ ಎದೆಯ ತುಪ್ಪಳವನ್ನು ಸಡಿಲ ಮಾಡಿಕೊಡು.”

“ಹಾಗೆ ಮಾಡಿದರೆ ನಿನ್ನ ಎದೆ ಬರಿದಾಗುತ್ತದಲ್ಲ. ನಿನಗೆ ಚಳಿಯಾಗುವುದಿಲ್ಲವಾ?”

“ಆಗಲಿ. ಎದೆ ಬರಿದಾದರೆ ಮರಿಗಳಿಗೆ ಹಾಲು ಸಿಗುವುದು ಸುಲಭ.”

ಗಾಳಿ ಬಾಗಿಲಲ್ಲಿ ಬಗ್ಗಿದ. ಬೆನ್ನ ಮೇಲಿನ ಚಳಿಯನ್ನು ಅತ್ತ ತಿರುಗಿಸಿ, ತನ್ನ ಉಸಿರನ್ನು ಅದರಿಂದ ದೂರ ಹಿಡಿದು, ಹುಲ್ಲಿನ ತೆನೆಗೆ ಊದುವ ಹಾಗೆ ಮೊಲವ್ವನ ಎದೆಗೆ ಮೆಲ್ಲಗೆ ಊದಿದ. ಇನ್ನೊಮ್ಮೆ ಊದಿದ. ತುಪ್ಪಳದ ಬುಡಗಳು ಒಂದೊಂದಾಗಿ ಸಡಿಲವಾದವು.

ಮೊಲವ್ವ ಬಾಯಿ ಹಾಕಿ ಎಳೆದಳು. ಬಾಯಿ ತುಂಬ ಬಂತು, ನೋವಿಲ್ಲದೆ ಬಂತು. ಮರಿಗಳ ಮೇಲೆ ಹೊದಿಸಿದಳು. ಮತ್ತೆ ಎಳೆದಳು, ಮತ್ತೆ ಹೊದಿಸಿದಳು. ಮರಿಗಳು ಕಾಣದಾಗುವವರೆಗೂ ಹೊದಿಸಿದಳು. ಗೂಡಿನಲ್ಲಿ ಬಿಳಿಯ ಮೋಡದಂಥ ಒಂದು ಗುಡ್ಡೆ ಮಾತ್ರ ಉಳಿಯಿತು.

ಎಲ್ಲರೂ ಅದನ್ನೇ ನೋಡುತ್ತಾ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಆ ಗುಡ್ಡೆ ಉಸಿರಾಡತೊಡಗಿತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಕೆಂಚವ್ವ ಒಳಗೆ ಬೆರಳು ತೂರಿಸಿ ಮುಟ್ಟಿದಳು.

“ಬೆಚ್ಚಗಿದ್ದಾವೆ,” ಎಂದಳು. ತುಸು ಹೊತ್ತು ತಡಕಾಡಿ, “ಆ ಸಣ್ಣದೂ ಅಲುಗಾಡುತ್ತಿದೆ. ನನ್ನ ಬೆರಳನ್ನೇ ಚೀಪುತ್ತಿದೆ,” ಎಂದಳು. ಹಾಗೆನ್ನುವಾಗ ಅವಳು ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು.

ಬೀರಪ್ಪ ಹೆಂಡತಿಯ ತಲೆಯನ್ನೇ ನೋಡುತ್ತಿದ್ದ. “ಈಗ ನೀನು ಸುಗ್ಗಿ ಮುಗಿದ ಹೊಲದ ಹಾಗೆ ಕಾಣುತ್ತೀಯ,” ಎಂದ.

“ಬೆಳೆ ತೆಗೆದ ಹೊಲ ತಾನೇ? ಮತ್ತೆ ಬೆಳೆಯುತ್ತದೆ ಬಿಡಯ್ಯಾ,” ಎಂದಳು ಕೆಂಚವ್ವ.

ಬೆಳೆಯಿತು ಕೂಡ. ಅವಳ ಕೂದಲೂ ಬೆಳೆಯಿತು, ಮೊಲವ್ವನ ಎದೆಯ ತುಪ್ಪಳವೂ ಬೆಳೆಯಿತು. ಮರಿಗಳಿಗೆ ಕೂದಲು ಬಂತು, ಕಣ್ಣು ತೆರೆಯಿತು. ಎರಡು ಬಾಗಿಲಲ್ಲಿ ಒಳಗೆ ಹೊರಗೆ ಓಡಾಡಿ ನಾಯಿಗೆ ತಲೆ ತಿರುಗಿಸಿದವು. ಚಳಿಗೆ ವರ್ಷದಲ್ಲಿ ಇಷ್ಟು ದಿನ ಮಾತ್ರ ಬಂದುಹೋಗು ಎಂದು ಹಿರಿಯರಾದ ಬಿಸಿಲು, ಮಳೆ ಹೇಳಿಕೊಟ್ಟರು. ಗಾಳಿ ಹೊರಡುವಾಗ ಮೊಲವ್ವನಿಗೆ ಒಂದು ಮಾತು ಕೊಟ್ಟ. “ನಿನಗಾಗಲಿ, ನಿನ್ನ ಹೆಣ್ಣುಮಕ್ಕಳಿಗಾಗಲಿ, ದಿನ ತುಂಬಿದಾಗ ಎದೆಯ ತುಪ್ಪಳ ತಾನಾಗಿಯೇ ಸಡಿಲವಾಗುತ್ತದೆ. ನನ್ನನ್ನು ಕಾಯಬೇಕಾಗಿಲ್ಲ.”

ಮುಂದಿನ ಸಲ ಮೊಲವ್ವ ಯಾರನ್ನೂ ಕಾಯಲಿಲ್ಲ. ಮರಿ ಹಾಕುವುದಕ್ಕೆ ಮೊದಲೇ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡಾಡಿದಳು, ಮರಿಗಳಿಗೆಂದು ಬೇರೆ ಮೂಲೆ ಆರಿಸಿದಳು, ತುಪ್ಪಳ ಕಿತ್ತು ಹಾಸಿದಳು. ತನ್ನ ಹೆಣ್ಣುಮಕ್ಕಳಿಗೂ ಅದನ್ನೇ ಕಲಿಸಿದಳು.

ಅದಕ್ಕೇ ಮಗು, ನಿಮ್ಮ ಮನೆಗೆ ಬಂದಿರುವ ಹೆಣ್ಣು ಮೊಲ ಒಂದು ದಿನ ಬಾಯಲ್ಲಿ ಒಣಹುಲ್ಲು ಹಿಡಿದು ಗೂಡೆಲ್ಲ ಸುತ್ತಿ, ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಹಾಸುವುದನ್ನು ಕಂಡರೆ, ಅದಕ್ಕೆ ಏನೋ ಆಯಿತೆಂದು ಹೆದರಬೇಡ, ಬರುವವರಿಗಾಗಿ ಅದು ಹಾಸಿಗೆ ಹಾಸುತ್ತಿದೆ.